ಮೈಯೊಳಗಿನ ತೂಬು

ಭದ್ರಾ ನಾಲೆಯ ನೀರುಂಡು ಬೆಳೆದ ದಾವಣಗೆರೆ, ಹರಿಹರದ ಸೀಮೆಯವರಿಗೆ ತೂಬಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿಯ ಕಾಲಕ್ಕೆ ಬೇಕಾದ ನೀರೇ ಕೊಯ್ಲಿನ ಹೊತ್ತಿಗೆ ಗದ್ದೆಗೆ ನುಗ್ಗಿದರೆ ನಿಂತ ಭತ್ತ ನೆಲ ಹಿಡಿಯುತ್ತದೆ. ನಮ್ಮ ಮೈಯೊಳಗೂ ಇಂಥದೊಂದು ತೂಬು ಉಂಟು. ಅದು ಸಡಿಲವಾದರೆ ಏನಾಗುತ್ತದೆಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡದ ಉಪಾಧ್ಯಾಯ. ಆದರೂ ಈ ವಿಷಯವನ್ನೆತ್ತಿಕೊಂಡದ್ದಕ್ಕೆ ಕಾರಣವುಂಟು.

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ದಾವಣಗೆರೆಯಿಂದ ಹರಿಹರಕ್ಕೆ ಸೊಸೆಯಾಗಿ ಹೋದಳು. ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಬರಬರುತ್ತ ಮುಟ್ಟು ತಿಂಗಳುಗಟ್ಟಲೆ ನಿಂತಿತು. ಹೆರದವಳ ಎದೆಯಲ್ಲಿ ಹಾಲು ಒಸರತೊಡಗಿತು. ಅತ್ತೆ ಹರಿಹರೇಶ್ವರನಿಗೆ ಹರಕೆ ಹೊತ್ತರು. ನೆರೆಯವರು ಬಾಯಿಗೆ ಬಂದಂತೆ ಆಡಿಕೊಂಡರು. ಹುಡುಗಿ ಸೆರಗು ಬಿಗಿಯಾಗಿ ಹೊದ್ದು ಸುಮ್ಮನಾದಳು. ಹಬ್ಬಕ್ಕೆ ತವರಿಗೆ ಬಂದಾಗ ತಾಯಿ ಇದನ್ನು ಕಂಡು ವೈದ್ಯೆಯ ಬಳಿಗೆ ಕರೆದೊಯ್ದರು. ಆಕೆ ಕೇಳಿದ ಮೊದಲ ಪ್ರಶ್ನೆ: “ಯಾವ ಮಾತ್ರೆ ನುಂಗುತ್ತಿದ್ದೀಯಮ್ಮ?”

ಈ ಪ್ರಶ್ನೆಯ ಮರ್ಮವೇನು? ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದು ಸ್ರವಿಸುವ ಹಾರ್ಮೋನುಗಳಲ್ಲಿ ಪ್ರೊಲ್ಯಾಕ್ಟಿನ್ ಒಂದು. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಕ್’ ಎಂದರೆ ಹಾಲು. ಹೆಸರಿನಲ್ಲಿಯೇ ಕೆಲಸ ಅಡಗಿದೆ. ಬಸುರಿ ಬಾಣಂತಿಯರಲ್ಲಿ ಇದು ಏರುವುದು ಸಹಜ. ಗಂಡಸರ ರಕ್ತದಲ್ಲಿಯೂ ಇದು ಇರುತ್ತದೆ. ಈ ಗ್ರಂಥಿಯ ಬೇರೆ ಹಾರ್ಮೋನುಗಳನ್ನು ಮಿದುಳು ಮುಖ್ಯವಾಗಿ ‘ಹರಿ’ ಎಂದು ಪ್ರಚೋದಿಸಿದರೆ, ಇದೊಂದನ್ನು ‘ನಿಲ್ಲು’ ಎಂದು ತಡೆದಿಡುತ್ತದೆ. ಆ ತಡೆಯ ಹಲಗೆಯೇ ಡೋಪಮೈನ್ ಎಂಬ ದ್ರವ್ಯ.

ಹಲಗೆ ಸರಿದು ಪ್ರೊಲ್ಯಾಕ್ಟಿನ್ ಮಿತಿಮೀರಿದರೆ ಅಂಡಾಶಯಕ್ಕೂ ವೃಷಣಕ್ಕೂ ಹೋಗಬೇಕಾದ ಅಪ್ಪಣೆ ಕುಗ್ಗುತ್ತದೆ. ಹೆಂಗಸರಲ್ಲಿ ಮುಟ್ಟು ತಪ್ಪುತ್ತದೆ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ, ಕಾಲವಲ್ಲದ ಕಾಲದಲ್ಲಿ ಹಾಲು ಬರಬಹುದು. ಗಂಡಸರಲ್ಲಿ ಕಾಮಾಸಕ್ತಿ, ಪುರುಷಶಕ್ತಿ ಕುಂದುತ್ತವೆ, ಸಂತಾನಕ್ಕೂ ಅಡ್ಡಿಯಾಗಬಹುದು. ವರ್ಷಗಟ್ಟಲೆ ಉಪೇಕ್ಷಿಸಿದರೆ ಇಬ್ಬರಲ್ಲಿಯೂ ಮೂಳೆ ಸವೆಯುತ್ತದೆ.

ಕಾರಣಗಳು ಹಲವು. ವಾಂತಿಗೂ ಹೊಟ್ಟೆಯುಬ್ಬರಕ್ಕೂ ಕೊಡುವ ಡೊಂಪೆರಿಡೋನ್ ಡೋಪಮೈನಿನ ತಡೆಯನ್ನು ಕೆಡಿಸುತ್ತದೆ. ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ಹಾಗೆಯೇ. ಅವನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಲಾಗದು. ಥೈರಾಯ್ಡ್ ಕುಂದುವುದು, ಮೂತ್ರಪಿಂಡದ ವೈಫಲ್ಯ, ಪಿಟ್ಯುಟರಿಯಲ್ಲಿ ಬೆಳೆಯುವ ಚಿಕ್ಕ ಗಂಟು, ಇವೂ ಕಾರಣಗಳೇ. ಗಂಟೆಂದೊಡನೆ ಎದೆಗೆಡಬೇಕಾಗಿಲ್ಲ, ಅದು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೆ ತಲೆನೋವಿನೊಡನೆ ಇಕ್ಕೆಲದ ನೋಟ ಮಸುಕಾದರೆ ತಡಮಾಡಬಾರದು. ಕ್ಯಾಬರ್ಗೋಲಿನ್ ಎಂಬ ಮಾತ್ರೆ ಡೋಪಮೈನಿನ ಕೆಲಸವನ್ನು ತಾನೇ ಮಾಡಿ ಇಂಥ ಗಂಟುಗಳಲ್ಲಿ ಹೆಚ್ಚಿನವನ್ನು ಕುಗ್ಗಿಸುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ.

ಇದನ್ನು ತಿಳಿಯಲು ರಕ್ತಪರೀಕ್ಷೆ ಸಾಕು. ಬಸುರಿಯಲ್ಲದ ಹೆಂಗಸರಲ್ಲಿ ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ ಒಳಗಿದ್ದರೆ ಸಹಜವೆನ್ನುತ್ತಾರೆ. ಗಾಬರಿಯಿಂದಲೂ ಇದು ತುಸು ಏರುವುದರಿಂದ ಕೆಲವೊಮ್ಮೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ನಮ್ಮ ಹುಡುಗಿ ಔಷಧದ ಅಂಗಡಿಯಿಂದ ತಾನೇ ತರಿಸಿಕೊಂಡು ವರ್ಷಕ್ಕೂ ಮಿಗಿಲಾಗಿ ನುಂಗುತ್ತಿದ್ದದ್ದು ಆ ಹೊಟ್ಟೆಯುಬ್ಬರದ ಮಾತ್ರೆಯನ್ನೇ. ಬೇರೆ ಪರೀಕ್ಷೆಗಳನ್ನೂ ಮಾಡಿ ನೋಡಿ, ವೈದ್ಯೆ ಅದನ್ನು ಬಿಡಿಸಿದರು. ಕೆಲವು ವಾರಗಳಲ್ಲಿ ಹಾಲು ನಿಂತಿತು, ಮುಟ್ಟು ಮರಳಿತು. ಅತ್ತೆ ಹರಕೆಯನ್ನೂ ತೀರಿಸಿದರು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಮೂರು ವರ್ಷ ಮಗನಿಗೂ ಒಂದು ಪರೀಕ್ಷೆಯಾಗಬೇಕೆಂದು ಮನೆಯಲ್ಲಿ ಯಾರಿಗೂ ತೋರಲಿಲ್ಲವೆಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ದಾವಣಗೆರೆಯಲ್ಲಿ ಜಿಲ್ಲಾಸ್ಪತ್ರೆಯಿದೆ, 1965ರಿಂದ ವೈದ್ಯಕೀಯ ಕಾಲೇಜಿದೆ. ಹರಿಹರದವರಿಗೆ ಅದು ದೂರದ ದಾರಿಯಲ್ಲ. ತಮ್ಮ ಮನೆಯಲ್ಲಿ ಇಂಥ ತೊಂದರೆಯಿದ್ದರೆ ಗಂಡಹೆಂಡಿರಿಬ್ಬರೂ ಕೂಡಿಯೇ ಹೋಗಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದನ್ನು ಮರೆಯಬೇಡಿ.