ಎಂಜಿನ್ನಿನ ಉಸಿರು

ಆಕ್ಸಿಲರೇಟರ್ ಪೂರ್ತಿ ತುಳಿದಾಗ, ನಿಮಿಷಕ್ಕೆ 6,000 ಸುತ್ತು ತಿರುಗುವ ಎರಡು ಲೀಟರ್ ಎಂಜಿನ್ ಹೆಚ್ಚುಕಡಿಮೆ 6,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಹಾಗಾದರೆ ಗಾಳಿಗೆ ತಡೆ ಕಡಿಮೆಯಿರಲೆಂದು ನಿಮ್ಮ ವೇಗದ ಕಾರಿಗೆ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಕೊಳ್ಳಲು ಹೊರಟಿರಾ? ಸ್ವಲ್ಪ ತಾಳಿ. ಅದನ್ನು ತೊಳೆದು ಮತ್ತೆ ಬಳಸಬಹುದು, ನಿಜ. ಆದರೆ ಎಣ್ಣೆ ಹೆಚ್ಚಾದರೆ, ಗಾಳಿಯನ್ನು ಅಳೆಯುವ ಸೆನ್ಸರಿನ ಬಿಸಿ ತಂತಿಗೆ ಅಂಟಿ ಲೆಕ್ಕ ತಪ್ಪಿಸೀತು. ಸೋಸದೆ ಒಳಹೊಕ್ಕ ಧೂಳಿನಲ್ಲಿರುವ ಮರಳಿನ ಕಣವಂತೂ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತದೆ. ನಮ್ಮ ಧೂಳಿನ ರಸ್ತೆಗಳಿಗೆ ಮಡಿಕೆ ಕಾಗದದ ಫಿಲ್ಟರೇ ಮೇಲೆಂದು ನನ್ನ ಅಭಿಪ್ರಾಯ. (ಬಣ್ಣಕ್ಕೆ ಮರುಳಾಗಬೇಡಿ!) ಕೊಳ್ಳುವಾಗ, ಐಎಸ್‌ಓ 5011 ಪರೀಕ್ಷೆಯಲ್ಲಿ ಅದು ಎಷ್ಟು ಧೂಳು ತಡೆಯಿತೆಂದು ಕೇಳಿ. ಕೂರಿಸಿದ ಮೇಲೆ ರಬ್ಬರ್ ಅಂಚು ಎಲ್ಲಿಯೂ ಸಂದು ಬಿಟ್ಟಿಲ್ಲವೆಂದು ಬೆರಳಾಡಿಸಿ ನೋಡಿ.