ಅಜ್ಜಿಯ ಸರದಿ

ಆಟ ಮಕ್ಕಳದು, ಕೆಲಸ ದೊಡ್ಡವರದು ಎಂದು ಪುಟ್ಟ ಮಕ್ಕಳು ನಂಬಿರುತ್ತವೆ. ಹಾಗೆ ನಂಬಿಸಿದವರು ನಾವೇ. "ಹೋಗು, ಹೊರಗೆ ಆಡ್ಕೋ" ಎಂದು ಕಳಿಸಿ ಒಳಗೆ ಉಳಿಯುತ್ತೇವೆ. ಅಜ್ಜ ಅಜ್ಜಿಯರಿಗೂ ಗೆಲ್ಲುವ ಆಸೆ ಇದೆಯೆಂದು ಮಗುವಿಗೆ ಹೇಗೆ ಗೊತ್ತಾಗಬೇಕು?

ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಹೊರಬರುತ್ತಿತ್ತು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜ. ಹಳೇ ಮೈಸೂರಿನ ಕಡೆ ಅದೇ ಅಳಗುಳಿಮಣೆ, ಅಲ್ಲಿ ಹುಣಸೆ ಬೀಜವೂ ಆಗುತ್ತದೆ. ಹಂಪಿಯ ಬಂಡೆಗಳ ಮೇಲೆ, ಮಂಟಪಗಳ ನೆಲದಲ್ಲಿ ಕೊರೆದಿರುವ ಆಟದ ಮನೆಗಳನ್ನು ಮಕ್ಕಳಿಗೆ ತೋರಿಸಿ. ಐದರ ಆಸುಪಾಸಿನ ಎಳೆಯ ವಯಸ್ಸಿನಲ್ಲಿ, 1799ರಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ದೊಡ್ಡವರಾದ ಮೇಲೆ ತಾವೇ ಹೊಸ ಮಣೆಯಾಟಗಳನ್ನು ಕಟ್ಟಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ 'ಕೌತುಕನಿಧಿ' ಎಂಬ ಭಾಗ ಆಟಗಳಿಗೇ ಮೀಸಲು. ರಾಜರೂ ಆಡುತ್ತಿದ್ದರು ಎಂದರೆ ಮಕ್ಕಳ ಕಣ್ಣರಳುತ್ತದೆ.

ಆದರೆ ಕೇಳಿ ತಿಳಿಯುವುದಕ್ಕಿಂತ ಎದುರು ಕೂತು ಆಡುವುದೇ ಮೇಲು. ಮೊದಲು ಚೌಕಾಬಾರ ಕಲಿಸಿ ಎಂದು ನಾನು ಹೇಳುತ್ತೇನೆ. ಅಳಗುಳಿಮಣೆಯಲ್ಲಿ ಎಲ್ಲವೂ ಲೆಕ್ಕ. ಪಳಗಿದ ಅಜ್ಜಿಯೇ ಗೆಲ್ಲುತ್ತಾಳೆ, ಮಗು ಸೋತು ಸೋತು ಬೇಸರಪಡುತ್ತದೆ. ಚೌಕಾಬಾರದ ಕವಡೆ ಯಾರ ವಯಸ್ಸನ್ನೂ ಕೇಳುವುದಿಲ್ಲ. ನಾಲ್ಕೂ ಬೋರಲಾಗಿ ಬಿದ್ದರೆ ಮೊಮ್ಮಗಳಿಗೂ ಎಂಟೇ, ಅಜ್ಜನಿಗೂ ಎಂಟೇ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಕಟ್ಟುನಿಟ್ಟು ಹಲವು ಕಡೆ ಉಂಟು. ಹಾಗಾಗಿ ಅಜ್ಜಿ ಮೊಮ್ಮಗುವಿನ ಕಾಯಿ ಕಡಿಯಲೇಬೇಕು.

ದಯವಿಟ್ಟು ಅಲ್ಲಿ ಅಡ್ಡ ಬರಬೇಡಿ. "ಪಾಪ, ಮಗು, ಬಿಟ್ಕೊಡಿ ಅತ್ತೆ" ಎನ್ನಬೇಡಿ. ಬೇಕೆಂದೇ ಸೋಲುವ ಹಿರಿಯರನ್ನು ಮಗು ಬಹುಬೇಗ ಪತ್ತೆಹಚ್ಚುತ್ತದೆ. ಆಮೇಲೆ ಆ ಗೆಲುವಿನಲ್ಲಿ ಅದಕ್ಕೆ ರುಚಿ ಇರುವುದಿಲ್ಲ. ಅಳಲಿ, ಕಣ್ಣೊರೆಸಿಕೊಂಡು ಮತ್ತೆ ಕವಡೆ ಹಿಡಿಯಲಿ. ಹಾಗೆಯೇ, ವಯಸ್ಸಾಯಿತೆಂದು ಅಜ್ಜನಿಗೂ ರಿಯಾಯಿತಿ ಬೇಡ. ಮನೆಮಂದಿಯೆಲ್ಲ ಕನಿಕರದಿಂದಲೇ ನೋಡುವ ಜೀವಕ್ಕೆ ಸರಿಸಮನಾಗಿ ಹಟ ಹಿಡಿಯುವ ಒಬ್ಬ ಎದುರಾಳಿ ಸಿಗುವುದು ದೊಡ್ಡ ಗೌರವ.

ಖರ್ಚೇನಿಲ್ಲ. ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಕಾಯಿ ಕಡಿದವರಿಗೆ ಇನ್ನೊಂದು ಸಲ ಹಾಕುವ ಅವಕಾಶ ಉಂಟೋ ಇಲ್ಲವೋ ಎಂಬುದು ಊರಿಂದೂರಿಗೆ ಬೇರೆ. ಅದನ್ನು ನೀವು ಹೇಳಿಕೊಡಬೇಡಿ, ಮಗು ಅಜ್ಜಿಯನ್ನೇ ಕೇಳಲಿ.