ಹತ್ತು ಲಕ್ಷದ ಕಳ್ಳತನ

ತನ್ನ ಮನೆಯ ಸೊತ್ತನ್ನು ತಾನೇ ಕದಿಯಬೇಕಾಗಿ ಬಂದ ಹೆಣ್ಣುಮಗಳ ಫಜೀತಿಯನ್ನು ಯೋಚಿಸಿ ನೋಡಿ. ವಿಲಿಯಂ ವೈಲರ್ 1966ರಲ್ಲಿ ತೆರೆಗೆ ತಂದ ‘ಹೌ ಟು ಸ್ಟೀಲ್ ಎ ಮಿಲಿಯನ್’ ಚಿತ್ರದ ಕಥೆ ಇದೇ. ನಡೆಯುವುದು ಪ್ಯಾರಿಸ್ಸಿನಲ್ಲಿ.

ನಿಕೋಲಳ ತಂದೆ ಬೊನೆ ಮಹಾಶಯ ದೊಡ್ಡ ಕಲಾಸಂಗ್ರಾಹಕನೆಂದು ಊರಿಗೆಲ್ಲ ಹೆಸರು. ಒಳಗೆ ನೋಡಿದರೆ, ಗುಪ್ತ ಕೋಣೆಯಲ್ಲಿ ಕುಳಿತು ವ್ಯಾನ್ ಗೋನ ಚಿತ್ರಗಳನ್ನು ಸ್ವಹಸ್ತದಿಂದ ಬರೆಯುವ ಪ್ರಚಂಡ! ಅವನ ಮನೆಯ ‘ಚೆಲ್ಲಿನಿ ವೀನಸ್’ ವಿಗ್ರಹವೂ ಚೆಲ್ಲಿನಿಯದಲ್ಲ. ಕೆತ್ತಿದವನು ನಿಕೋಲಳ ಅಜ್ಜ, ಮಾದರಿಯಾಗಿ ನಿಂತವಳು ಅಜ್ಜಿ. ಇಂಥದನ್ನು ಆತ ಜಂಬದಿಂದ ವಸ್ತುಸಂಗ್ರಹಾಲಯಕ್ಕೆ ಎರವಲು ಕೊಡುತ್ತಾನೆ. ವಿಮೆಯ ಕಾಗದಕ್ಕೆ ರುಜು ಬಿದ್ದ ಮೇಲೆ ತಿಳಿಯುತ್ತದೆ, ಹತ್ತು ಲಕ್ಷ ಡಾಲರಿನ ವಿಮೆಗೆ ತಜ್ಞರ ಪರೀಕ್ಷೆ ಉಂಟೆಂದು. ಪರೀಕ್ಷೆ ನಡೆದರೆ ಮುದುಕನಿಗೆ ಸೆರೆಮನೆ. ತಂದೆಯ ಗೀಳನ್ನು ಮಗಳು ಮೆಚ್ಚಿದವಳಲ್ಲ. ಆದರೆ ತಂದೆಯನ್ನು ಬಿಟ್ಟುಕೊಡುವುದು ಹೇಗೆ? ಒಂದು ರಾತ್ರಿ ಮನೆಯಲ್ಲೇ ಸಿಕ್ಕಿಬಿದ್ದಿದ್ದ ಕಳ್ಳ ಸೈಮನ್‌ನ ನೆರವು ಬೇಡುತ್ತಾಳೆ. ಆತ ನಿಜವಾಗಿಯೂ ಕಳ್ಳನೇ? ಅದನ್ನು ಹೇಳಿ ನೋಡುವವರ ಸುಖ ಕೆಡಿಸಲಾರೆ.

ಚಿತ್ರ ಎರಡು ಗಂಟೆಗೂ ಮೀರಿದ್ದು. ಮೊದಲರ್ಧ ತುಸು ನಿಧಾನವೆಂದೇ ಹೇಳಬೇಕು. ಆದರೆ ಇಬ್ಬರೂ ಪೊರಕೆ ಬಕೆಟ್ಟುಗಳ ಇಕ್ಕಟ್ಟಾದ ಕೋಣೆಯಲ್ಲಿ ಅಡಗಿದ ಕ್ಷಣದಿಂದ ಕಥೆಗೆ ಕಳೆಯೇರುತ್ತದೆ. ಜೂಲ್ಸ್ ದಾಸಿನ್‌ನ ‘ರಿಫಿಫಿ’ಯಲ್ಲಿ (1955) ಸುಮಾರು ಅರ್ಧ ಗಂಟೆಯ ಕಳ್ಳತನ ಮಾತಿಲ್ಲದೆ ಸಾಗುತ್ತದೆ, ನೋಡುವವರಿಗೂ ಬೆವರು. ಇಲ್ಲಿ ಪಿಸುಮಾತೇ ಎಲ್ಲ. ಕಾವಲಿನವನು ಹೊರಗಿನಿಂದ ಬೀಗ ಹಾಕಿ ಕೀಲಿಕೈಯನ್ನು ಗೋಡೆಗೆ ತೂಗುಹಾಕಿ ಹೋಗುತ್ತಾನೆ; ಸೈಮನ್ ಗೋಡೆಯ ಈಚೆಯಿಂದ ಅಯಸ್ಕಾಂತ ಹಿಡಿದು ಅದನ್ನು ಬೀಗದತ್ತ ಎಳೆಯುತ್ತಾನೆ. ವಿಗ್ರಹದ ಸುತ್ತ ಕಾಣದ ಕಿರಣಗಳ ಬೇಲಿ. ಅದನ್ನು ಮುರಿಯಲು ಆತನ ಆಯುಧ ಒಂದು ಆಟಿಕೆಯ ಬೂಮರಾಂಗ್! ಎಸೆದಾಗಲೆಲ್ಲ ಎಚ್ಚರಿಕೆಯ ಗಂಟೆ ಬೊಬ್ಬಿಡುತ್ತದೆ. ಬೊಬ್ಬೆ ತಾಳಲಾರದೆ ಕಾವಲಿನವರೇ ಅದರ ಬಾಯಿ ಕಟ್ಟುತ್ತಾರೆ. ಯಂತ್ರ ಸೋಲಲಿಲ್ಲ, ಮನುಷ್ಯರ ತಾಳ್ಮೆ ಸೋತಿತು. ಈ ಉಪಾಯ ಎಷ್ಟು ಸರಳ ನೋಡಿ.

ಜಿವಾಂಶಿಯ ಉಡುಪುಗಳಲ್ಲಿ ಮೆರೆದ ಆಡ್ರೆ ಹೆಪ್‌ಬರ್ನ್ ಇಲ್ಲಿ ನೆಲ ಒರೆಸುವವಳ ವೇಷ ತೊಡುತ್ತಾಳೆ. ಪೀಟರ್ ಓ’ಟೂಲ್ ಆಕೆಯನ್ನು ನೋಡುವ ನೋಟದಲ್ಲಿ ವೀನಸ್ಸಿನ ಗುಟ್ಟು ಅವನಿಗೆ ಎಂದೋ ಹೊಳೆದಿದೆ: ಅಜ್ಜಿಯ ಮುಖ ಮೊಮ್ಮಗಳಲ್ಲಿದೆ. ತನ್ನ ತಂದೆಯ ಗುಟ್ಟು ಕಾಯಲೆಂದು ಅವಳು ಇವನಿಗೆ ಸುಳ್ಳು ಹೇಳುತ್ತಲೇ ಬಂದಿದ್ದಾಳೆ. ಇವನು ತಿಳಿದೂ ಕೇಳದೆ ಬಂದಿದ್ದಾನೆ.

ಅಷ್ಟು ಹೊತ್ತಿಗೆ ಕಾವಲಿನವನೊಬ್ಬ ಸುತ್ತು ಬರುತ್ತಾನೆ. ವೀನಸ್ ನಿಂತಿದ್ದ ಪೀಠದ ಮೇಲೆ ಒಂದು ಮದ್ಯದ ಸೀಸೆ ನಿಂತಿದೆ.